ನಿತ್ಯಪುಷ್ಪದ ಚರಿತ್ರೆ

ಇತಿಹಾಸವೆಂದರೆ ರಾಜರು, ಯುದ್ಧಗಳು ಎಂದು ಪಾಠ ಹೇಳುವ ನಮಗೆ ಅಂಗಳದ ಗಿಡಕ್ಕೂ ಒಂದು ಇತಿಹಾಸವಿದೆ ಎಂಬುದು ಹೊಳೆಯುವುದು ಕಡಿಮೆ. ನಿತ್ಯಪುಷ್ಪವನ್ನೇ ನೋಡಿ. ಕೆಲವರು ಕಾಶಿಕಣಗಿಲೆ ಎನ್ನುತ್ತಾರೆ. ನೀರು ಹಾಕದಿದ್ದರೂ ಮುನಿಯದು, ದನ ಬಾಯಿ ಹಾಕದು, ಮುಡಿಯಲು ಯಾರೂ ಕೇಳರು. ಪೂಜೆಗೆ ಬೇರೆ ಹೂ ಸಿಗದ ದಿನ ಮಾತ್ರ ಅದರ ನೆನಪು.

ಮಡಗಾಸ್ಕರ್ ಇದರ ತವರು. ಅಲ್ಲಿಂದ ಲೋಕವೆಲ್ಲ ಹರಡಿತು. ಜಮೈಕದಲ್ಲಿ ಇದರ ಎಲೆಯ ಕಷಾಯ ಸಕ್ಕರೆ ಕಾಯಿಲೆಗೆ ಮನೆಮದ್ದಾಗಿತ್ತು. 1952ರಲ್ಲಿ ಅಲ್ಲಿಂದ ಒಂದಷ್ಟು ಎಲೆಗಳು ಲಕೋಟೆಯಲ್ಲಿ ಕೆನಡಾ ಸೇರಿದವು. ಸಂಶೋಧಕ ರಾಬರ್ಟ್ ನೋಬಲ್ ಅದರ ಸಾರವನ್ನು ಇಲಿಗಳಿಗೆ ಕೊಟ್ಟು ನೋಡಿದರು. ಇಳಿದದ್ದು ಸಕ್ಕರೆಯಲ್ಲ, ಬಿಳಿ ರಕ್ತಕಣಗಳು! ಬಿಳಿಕಣ ಮಿತಿಮೀರುವ ರಕ್ತದ ಕ್ಯಾನ್ಸರಿಗೆ ಇದೇಕೆ ಮದ್ದಾಗಬಾರದು? 1958ರಲ್ಲಿ ಅವರೂ ಚಾರ್ಲ್ಸ್ ಬಿಯರ್ ಅವರೂ ವಿನ್‌ಬ್ಲಾಸ್ಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದ ವಿವರ ಪ್ರಕಟಿಸಿದರು. ಅಮೆರಿಕದ ಎಲಿ ಲಿಲ್ಲಿ ಕಂಪನಿಯಲ್ಲಿ ಅದರ ಸೋದರಿ ವಿನ್‌ಕ್ರಿಸ್ಟಿನ್ ಸಿಕ್ಕಿತು. 1963ರಲ್ಲಿ ಅನುಮತಿ ಪಡೆಯಿತು. ಆ ಕಾಲದಲ್ಲಿ ರಕ್ತದ ಕ್ಯಾನ್ಸರ್ ತಗುಲಿದ ಮಗು ಉಳಿಯುವುದೇ ಅಪರೂಪವಾಗಿತ್ತು. ಇತರ ಔಷಧಿಗಳೊಡನೆ ಇದೂ ಸೇರಿ, ಒಳ್ಳೆಯ ಚಿಕಿತ್ಸೆ ದೊರೆತ ಹೆಚ್ಚಿನ ಮಕ್ಕಳು ಇಂದು ಗುಣವಾಗುತ್ತಾರೆ.

ಆದರೆ ಗಿಡ ಬಲು ಜಿಪುಣ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕಿಲೋ ಒಣಗಿದ ಎಲೆ ಬೇಕು. ಗಿಡ ಅದನ್ನು ಮಾಡುವ ಬಗೆಯೂ ಒಂದು ದೊಡ್ಡ ಅಡುಗೆಯಂತೆ. ಹಂತದ ಮೇಲೆ ಹಂತ. ಇಂಗ್ಲೆಂಡಿನಲ್ಲಿ ಸಾರಾ ಓ'ಕಾನರ್ ಅವರ ತಂಡ ಕೈತಪ್ಪಿದ್ದ ಕೊನೆಯ ಹಂತಗಳನ್ನು 2018ರಲ್ಲಿ ಪತ್ತೆ ಮಾಡಿತು. ಅಷ್ಟರಲ್ಲಿ ವಂಶವಾಹಿಯನ್ನು ಬೇಕಾದ ಕಡೆ ಕತ್ತರಿಸುವ 'ಕ್ರಿಸ್ಪರ್' ಕತ್ತರಿ ಬಂದಿತ್ತು. 2012ರಲ್ಲಿ ಅದನ್ನು ತೋರಿಸಿಕೊಟ್ಟ ಎಮಾನ್ಯುಯೆಲ್ ಶಾರ್ಪೆಂಟಿಯೆ, ಜೆನಿಫರ್ ಡೌಡ್ನಾ ಎಂಬ ಇಬ್ಬರು ಮಹಿಳೆಯರಿಗೆ 2020ರಲ್ಲಿ ನೊಬೆಲ್ ಬಂತು. 2022ರಲ್ಲಿ ಜೇ ಕೀಸ್ಲಿಂಗ್ ಮತ್ತು ಸಂಗಡಿಗರು ಬ್ರೆಡ್ ಉಬ್ಬಿಸುವ ಯೀಸ್ಟ್‌ನ ವಂಶವಾಹಿಯಲ್ಲಿ 56 ತಿದ್ದುಪಡಿ ಮಾಡಿ, ಗಿಡಗಳ 34 ವಂಶವಾಹಿಗಳನ್ನು ಸೇರಿಸಿ, ಮದ್ದಿನ ಎರಡು ಅರ್ಧಗಳನ್ನು ಅದರಿಂದ ಮಾಡಿಸಿದರು. ಅರ್ಧಗಳನ್ನು ಪ್ರಯೋಗಾಲಯದಲ್ಲಿ ಜೋಡಿಸಿದರು. ಸಿಕ್ಕ ಪ್ರಮಾಣ ತೀರ ಅಲ್ಪ. ಆದರೂ ದಾರಿ ತೆರೆಯಿತು.

ಇದರಿಂದ ಎಲ್ಲ ಮಗುವಿಗೂ ಮದ್ದು ಸಿಕ್ಕೀತೆ? 2019ರಲ್ಲಿ ಅಮೆರಿಕದಲ್ಲೇ ವಿನ್‌ಕ್ರಿಸ್ಟಿನ್ ಸಾಲದೆ ಹೋಯಿತು. ಎಲೆ ಇಲ್ಲದೆ ಅಲ್ಲ. ಒಂದು ಕಂಪನಿ ಕೈಬಿಟ್ಟಾಗ ಉಳಿದ ಒಂದರಿಂದ ಪೂರೈಸಲಾಗಲಿಲ್ಲ. ವಿಜ್ಞಾನ ಎಷ್ಟೇ ಮುಂದೆ ಹೋದರೂ ಹಂಚುವ ಕೈ ನೆಟ್ಟಗಿರಬೇಕು. ನಿತ್ಯಪುಷ್ಪ ಬೆಳೆದು ಎಲೆ, ಬೇರು ಮಾರುವ ರೈತರು ತಮಿಳುನಾಡಿನಲ್ಲಿದ್ದಾರೆ. ನಾಳೆ ಯೀಸ್ಟೇ ಮದ್ದು ಮಾಡಿದರೆ ಅವರ ಗತಿ ಏನೆಂದೂ ಯಾರಾದರೂ ಯೋಚಿಸಬೇಕು. ಮೊದಲ ಸುಳಿವು ಕೊಟ್ಟದ್ದು ಜಮೈಕದ ಕಷಾಯದ ಪಾತ್ರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗೆಂದು ಸಕ್ಕರೆ ಕಾಯಿಲೆಯಿದೆಯೆಂದು ಯಾರ ಮಾತನ್ನೋ ಕೇಳಿ ಈ ಎಲೆ ಅಗಿಯಬೇಡಿ. ಕ್ಯಾನ್ಸರ್ ಕಣವನ್ನು ಕೊಲ್ಲುವ ಶಕ್ತಿಯಿರುವ ಎಲೆ ಅದು, ವಿಷವೂ ಹೌದು. ಗಿಡ ಅಂಗಳದಲ್ಲಿ ಇರಲಿ. ಮದ್ದು ವೈದ್ಯರ ಕೈಯಿಂದಲೇ ಬರಲಿ.