ಬಿಡಿಭಾಗಗಳು ಹೊಂದದ ಹಳೆಯ ಪಿಸ್ತೂಲು: ಗುರುತು, ಬೆಲೆ, ಕಾನೂನು

ಹಳೆಯ ಮನೆಯನ್ನು ಕೆಡವುವಾಗಲೋ ಹಿರಿಯರ ಪೆಟ್ಟಿಗೆಯನ್ನು ತೆರೆಯುವಾಗಲೋ ತುಕ್ಕು ಹಿಡಿದ ತಮಂಚವೊಂದು ಸಿಕ್ಕರೆ ಮನೆಯವರಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ: ಇದು ಯಾವ ಕಾಲದ್ದು, ಇದರ ಬೆಲೆ ಎಷ್ಟು? ನಳಿಗೆ ಒಂದು ದೇಶದ್ದು, ಸಿಡಿಯಂತ್ರ ಇನ್ನೊಂದು ದೇಶದ್ದು, ಮರದ ಹಿಡಿ ಸ್ಥಳೀಯ ಬಡಗಿಯದು ಎಂಬಂತಿದ್ದರೆ ಉತ್ತರ ಇನ್ನಷ್ಟು ಕಠಿಣವಾಗುತ್ತದೆ. ಆದರೆ ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಇದನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೇ?

ಮೊದಲು ಸುರಕ್ಷತೆ

ಬಾಯಿಯಿಂದ ಮದ್ದು ತುಂಬುವ ಪಿಸ್ತೂಲಿನೊಳಗೆ ಹಳೆಯ ಮದ್ದು ಉಳಿದಿರಬಹುದು. ಒಣಗಿದ ಕರಿಮದ್ದು ಹಲವು ದಶಕಗಳ ನಂತರವೂ ಸಿಡಿಯಬಲ್ಲದು. ಆದ್ದರಿಂದ ಕೀಲನ್ನು ಎಳೆಯಬಾರದು, ನಳಿಗೆಯ ಬಾಯಿಗೆ ಕಣ್ಣಿಟ್ಟು ನೋಡಬಾರದು, ಒಳಗೆ ಕಡ್ಡಿ ಹಾಕಬಾರದು, ಬೆಂಕಿಯ ಸಮೀಪ ಇಡಬಾರದು. ಮಕ್ಕಳನ್ನು ದೂರವಿರಿಸಿ, ವಸ್ತುವನ್ನು ಇದ್ದಲ್ಲಿಯೇ ಬಿಟ್ಟು, ಸಮೀಪದ ಪೊಲೀಸ್ ಠಾಣೆಗೆ ತಿಳಿಸುವುದು ಸರಿಯಾದ ಕ್ರಮ. ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಒಯ್ಯುವುದು ಅಪಾಯಕಾರಿ. ಕಾನೂನಿನ ತೊಡಕಿಗೂ ಕಾರಣವಾಗುತ್ತದೆ.

ಕಾನೂನು ಏನು ಹೇಳುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪಿಸ್ತೂಲು ಹೊಂದಲು ಪರವಾನಗಿ ಕಡ್ಡಾಯ. ಶಸ್ತ್ರ ಎಂಬ ಪದದಲ್ಲಿ ಅದರ ಬಿಡಿಭಾಗಗಳೂ ಸೇರುತ್ತವೆ. ವಂಶಪಾರಂಪರ್ಯವಾಗಿ ಬಂದದ್ದು ಎಂಬ ಕಾರಣಕ್ಕೆ ವಿನಾಯಿತಿ ದೊರೆಯುವುದಿಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರು ಹೊಂದಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ. ಪಿತ್ರಾರ್ಜಿತವಾದವೂ ಈ ಲೆಕ್ಕದೊಳಗೇ ಬರುತ್ತವೆ. ಕೊಡವರಿಗಿರುವ ವಿನಾಯಿತಿಯ ವಿಷಯವನ್ನು ಕೆಲವರು ಕೇಳಿರುತ್ತಾರೆ; ಅದು ಕೊಡಗಿಗೆ ಸಂಬಂಧಿಸಿದ್ದು, ನಮ್ಮ ಸೀಮೆಗೆ ಅನ್ವಯಿಸುವುದಿಲ್ಲ.

ಇದೇ ಕಾಯ್ದೆಯ 45ನೆಯ ಕಲಮು ಮುಖ್ಯವಾದುದು. ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವು ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಕೆಗೆ ಬಾರದಂತಿದ್ದರೆ ಕಾಯ್ದೆ ಅದಕ್ಕೆ ಅನ್ವಯಿಸದು. ಇಲ್ಲಿ "ದುರಸ್ತಿ ಮಾಡಿದರೂ" ಎಂಬ ಮಾತನ್ನು ಗಮನಿಸಬೇಕು. ಒಂದು ತಿರುಪು ಬದಲಿಸಿದರೆ ಸಿಡಿಯಬಲ್ಲ ಪಿಸ್ತೂಲಿಗೆ ಈ ರಕ್ಷಣೆ ಇಲ್ಲ. ಅದು ಬಳಕೆಗೆ ಬರುವುದೋ ಇಲ್ಲವೋ ಎಂಬುದನ್ನು ಮನೆಯವರು ತಾವೇ ತೀರ್ಮಾನಿಸಿಕೊಳ್ಳದೆ ಅಧಿಕಾರಿಗಳಿಂದ ಲಿಖಿತವಾಗಿ ಪಡೆಯುವುದು ಲೇಸು.

ಭಾಗಗಳನ್ನು ಓದುವ ಬಗೆ

ಪೊಲೀಸರು ಪರಿಶೀಲಿಸಿ ನಿರಪಾಯವೆಂದು ಹೇಳಿದ ಮೇಲೆ, ಬಿಚ್ಚದೆಯೇ, ಹೊರಗೆ ಕಾಣುವ ಗುರುತುಗಳಿಂದ ಬಹಳಷ್ಟನ್ನು ತಿಳಿಯಬಹುದು.

ಸಿಡಿಯಂತ್ರ: ಚಕಮಕಿ ಕಲ್ಲನ್ನು ಕಚ್ಚಿ ಹಿಡಿಯುವ ದವಡೆಯಿದ್ದರೆ ಅದು ಹಳೆಯ ಪದ್ಧತಿಯದು. ಚಿಕ್ಕ ತಾಮ್ರದ ಟೊಪ್ಪಿಗೆಯ ಮೇಲೆ ಹೊಡೆಯುವ ಸುತ್ತಿಗೆಯಿದ್ದರೆ ಅದು 1820ರ ದಶಕದ ಈಚೆಗೆ ಬಳಕೆಗೆ ಬಂದ ಪದ್ಧತಿ. ಚಕಮಕಿಯ ಯಂತ್ರವನ್ನೇ ಟೊಪ್ಪಿಗೆಯ ಪದ್ಧತಿಗೆ ಮಾರ್ಪಡಿಸಿದವೂ ಉಂಟು. ಅಂಥವುಗಳಲ್ಲಿ ತುಂಬಿ ಮುಚ್ಚಿದ ಹಳೆಯ ತಿರುಪಿನ ತೂತುಗಳು ಕಾಣುತ್ತವೆ.

ನಳಿಗೆ: ಪರೀಕ್ಷಾಲಯದ ಮುದ್ರೆಗಳು ಇರುವುದು ಇಲ್ಲಿಯೇ. ಅಂಡಾಕಾರದೊಳಗೆ ಇ.ಎಲ್.ಜಿ. ಅಕ್ಷರಗಳಿದ್ದರೆ ಬೆಲ್ಜಿಯಂನ ಲೀಜ್ ನಗರದ್ದು. ಕಿರೀಟ ಮತ್ತು ಅಡ್ಡ ರಾಜದಂಡಗಳಿದ್ದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಪರೀಕ್ಷಾಲಯದ್ದಾಗಿರಬಹುದು. ಆ ಸಂಸ್ಥೆ ಆರಂಭವಾದದ್ದು 1813ರಲ್ಲಿ. ಎತ್ತಿ ನಿಂತ ಸಿಂಹ ಈಸ್ಟ್ ಇಂಡಿಯಾ ಕಂಪನಿಯ ಗುರುತು. ಅದು 1808ರಲ್ಲಿ ಬಂದಿತು, ಅದಕ್ಕೂ ಹಿಂದೆ ಹೃದಯಾಕಾರದ ಮುದ್ರೆಯಿತ್ತು. ಅಲಂಕಾರಕ್ಕೆಂದು ಇತ್ತೀಚೆಗೆ ತಯಾರಾದ ನಕಲುಗಳ ಮೇಲೂ ಈ ಸಿಂಹ, "ಟವರ್" ಎಂಬ ಪದ ಮತ್ತು ಇಸವಿಗಳು ಇರುತ್ತವೆಯಾದ್ದರಿಂದ ಮುದ್ರೆಯೊಂದನ್ನೇ ನಂಬಲಾಗದು.

ಕ್ರಮಾಂಕ: ಕಾರ್ಖಾನೆಯಲ್ಲಿ ತಯಾರಾದ ಈಚಿನ ಪಿಸ್ತೂಲುಗಳಲ್ಲಿ ಅನೇಕ ಭಾಗಗಳ ಮೇಲೆ ಒಂದೇ ಸಂಖ್ಯೆ ಇರುತ್ತದೆ. ಸಂಖ್ಯೆಗಳು ಬೇರೆಬೇರೆಯಾಗಿದ್ದರೆ ಭಾಗ ಬದಲಾಗಿರಬಹುದು.

ಭಾಗಗಳು ಏಕೆ ಹೊಂದುವುದಿಲ್ಲ?

ಮೂರು ಕಾರಣಗಳಿರಬಹುದು. ಬಳಕೆಯಲ್ಲಿದ್ದಾಗಲೇ ಮುರಿದ ಭಾಗವನ್ನು ಬದಲಿಸಿರಬಹುದು. ಆಗ ಸವೆತ ಎಲ್ಲ ಭಾಗಗಳಲ್ಲಿ ಒಂದೇ ತೆರನಾಗಿರುತ್ತದೆ. ಶಸ್ತ್ರಾಗಾರದಲ್ಲಿ ಉಳಿದ ಬಿಡಿಭಾಗಗಳಿಂದ ಜೋಡಿಸಿರಬಹುದು. ಆಗ ಭಾಗಗಳು ಬಿಗಿಯಾಗಿ ಕೂಡಿರುತ್ತವೆ. ಮಾರಾಟಕ್ಕೆಂದೇ ಈಚೆಗೆ ಸೇರಿಸಿರಬಹುದು. ಆಗ ಮರ ಮತ್ತು ಲೋಹದ ನಡುವೆ ಸಂದು, ಹೊಸ ತಿರುಪು, ಒಂದಕ್ಕೊಂದು ಹೊಂದದ ತುಕ್ಕಿನ ಬಣ್ಣ, ಉಜ್ಜಿ ಅಳಿಸಿದ ಅಂಕಿಗಳು ಕಾಣುತ್ತವೆ.

ಬೆಲೆಯ ಮಾತು

ಇಂಥ ಪಿಸ್ತೂಲಿಗೆ ನಿಗದಿಯಾದ ದರವಿಲ್ಲ. ಎಲ್ಲ ಭಾಗಗಳೂ ಮೂಲದವಾಗಿದ್ದರೆ ಸಂಗ್ರಾಹಕರು ಹೆಚ್ಚು ಮನ್ನಣೆ ಕೊಡುತ್ತಾರೆ; ಬೆರಕೆಯಾಗಿದ್ದರೆ ಬೆಲೆ ಬಹಳವಾಗಿ ಇಳಿಯುತ್ತದೆ. ಆದರೆ ಮೊದಲ ಬಗೆಯ ಹಳೆಯ ದುರಸ್ತಿಗೆ ಅದರದೇ ಗೌರವವಿದೆ. ಮರಳುಕಾಗದದಿಂದ ಉಜ್ಜಿ ಹೊಳಪು ಕೊಡುವುದು, ಕೊರತೆಯ ಭಾಗವನ್ನು ಹೊಸದಾಗಿ ಮಾಡಿಸುವುದು ಇದ್ದ ಬೆಲೆಯನ್ನೂ ಕಳೆಯುತ್ತದೆ. ದುರಸ್ತಿಯಂತೂ 45ನೆಯ ಕಲಮಿನ ರಕ್ಷಣೆಯನ್ನೇ ತಪ್ಪಿಸಬಹುದು. ನೂರು ವರ್ಷ ಮೀರಿದ ವಸ್ತುವಾದರೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅನ್ವಯಿಸುತ್ತದೆ: ಖಾಸಗಿಯವರು ಅದನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ, ಪರವಾನಗಿಯಿಲ್ಲದೆ ಅಂಥ ವಸ್ತುಗಳ ವ್ಯಾಪಾರ ನಡೆಸುವಂತಿಲ್ಲ. "ಕೋಟಿ ಬೆಲೆ ಬಾಳುತ್ತದೆ, ಮೊದಲು ಮುಂಗಡ ಕೊಡಿ" ಎನ್ನುವ ದಲ್ಲಾಳಿಯನ್ನು ದೂರವಿಡಬೇಕು. ಮೊಬೈಲಿನಲ್ಲಿ ಚಿತ್ರ ಹಂಚಿ ಗಿರಾಕಿಯನ್ನು ಹುಡುಕುವುದೂ ಸಲ್ಲದು. ಹೋಲಿಸಿ ನೋಡಬೇಕೆಂದಿರುವವರು ಹೈದರಾಬಾದಿನ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದ ಶಸ್ತ್ರ ವಿಭಾಗಕ್ಕೆ ಭೇಟಿ ಕೊಡಬಹುದು.

ನಮ್ಮ ಸೀಮೆಯ ಕಾಗದಪತ್ರಗಳು

ವಸ್ತುವಿನ ನಿಜವಾದ ಮೌಲ್ಯವನ್ನು ಹೆಚ್ಚಿಸುವುದು ಅದರ ಜೊತೆಗಿರುವ ದಾಖಲೆ. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ್ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಆದಕಾರಣ ಹಳೆಯ ಪರವಾನಗಿ ಕಾಗದದಲ್ಲಿ ಆ ಜಿಲ್ಲೆಗಳ ಹೆಸರಿರುತ್ತದೆ. ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿದ್ದು ಫಸಲಿ ವರ್ಷ ನಮೂದಾಗಿರುತ್ತದೆ. ಅದಕ್ಕೆ 590 ಕೂಡಿಸಿದರೆ ಸ್ಥೂಲವಾಗಿ ಕ್ರಿಸ್ತಶಕ ದೊರೆಯುತ್ತದೆ. ಫಸಲಿ 1350 ಎಂದರೆ 1940–41. ಓದಲು ಬಾರದೆಂದು ಇಂಥ ಕಾಗದವನ್ನು ಎಸೆಯಬಾರದು; ಉರ್ದು ಬಲ್ಲ ಹಿರಿಯರಿಂದ ಓದಿಸಿ ಕನ್ನಡದಲ್ಲಿ ಬರೆದಿಡಬೇಕು.

"ರಜಾಕಾರರ ಕಾಲದ್ದು" ಎಂಬ ಮನೆಮಾತನ್ನೂ ಬರೆದಿಡಬೇಕು, ಆದರೆ ಪರಿಶೀಲಿಸಬೇಕು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ವೇಳೆಗೆ ಟೊಪ್ಪಿಗೆಯ ಪಿಸ್ತೂಲು ಬಹು ಹಳೆಯದಾಗಿತ್ತು. ಅದು ಆಗ ಮನೆಯಲ್ಲಿ ಇದ್ದಿರಬಹುದು, ಆಗಲೇ ತಯಾರಾದದ್ದು ಎಂದೇನಿಲ್ಲ. ಆಯುಧವನ್ನು ಠಾಣೆಗೆ ಒಪ್ಪಿಸಬೇಕಾಗಿ ಬಂದರೆ ರಸೀದಿ ಪಡೆದು, ಗುರುತುಗಳ ವಿವರವನ್ನೂ ಹಿರಿಯರು ಹೇಳಿದ ಕಥನವನ್ನೂ ಮಕ್ಕಳ ಕೈಯಿಂದಲೇ ಕನ್ನಡದಲ್ಲಿ ಬರೆಯಿಸಬೇಕು. ಪಿಸ್ತೂಲು ಮನೆಯಲ್ಲಿ ಉಳಿಯದಿದ್ದರೂ ಅದರ ಚರಿತ್ರೆ ಉಳಿಯುತ್ತದೆ.