ಟಪಾಲಿನ್ಯಾಗ ಬಂದ ಪುಕ್ಕಟೆ ಸೀಡಿ

ಹ್ವಾದ ವಾರ ಟ್ರಂಕ್ ಹಸನ ಮಾಡುವಾಗ ಹಳೇ ಪತ್ತಲದ ಬುಡಕ ಒಂದು ಸೀಡಿ ಸಿಕ್ಕಿತು. ರಟ್ಟಿನ ಲಕೋಟಿ ಮ್ಯಾಲ ಮೂರು ಮಂದಿ ಕೈ ಕೈ ಹಿಡಿದು ದುಂಡಗ ನಿಂತಂಗ ಗುರ್ತು. ಸೊಸಿ, "ಅತ್ತಿ, ಇದನ್ನ ಕಸಕ್ಕ ಹಾಕ್ಲೇನ್ರಿ?" ಅಂದಳು. ಬ್ಯಾಡವ್ವಾ ಅಂದು ಆಕಿಗೆ ಹೇಳಿದ್ದನ್ನ ನಿಮಗೂ ಹೇಳ್ತೀನಿ.

2008ರ ಮಾತು. ಮಗ ಬಿಜಾಪುರದಾಗ ಓದ್ತಿದ್ದ. ಮನ್ಯಾಗ ಒಂದು ಹಳೇ ಕಂಪ್ಯೂಟರ್ ಇತ್ತು. ತೀರಿಕೊಂಡ ನಮ್ಮ ಅತ್ತಿ ಹಾಡಿದ ಬೀಸೂ ಪದ ಅದರಾಗಷ್ಟೇ ಇದ್ದವು. ಒಂದಿನ ವೈರಸ್ ಹೊಕ್ಕು ಕಂಪ್ಯೂಟರ್ ಚಾಲೂನ ಆಗಲಿಲ್ಲ. ರಿಪೇರಿಯವರು, "ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕ್ರಿ" ಅಂದರು. ನನ್ನ ಎದಿ ಧಸಕ್ ಅಂತು.

ಅದೇ ಹೊತ್ತಿನ್ಯಾಗ ಪೋಸ್ಟಮನ್, "ಅಕ್ಕಾರ, ಪರದೇಶದ ಟಪಾಲ ಬಂದದ ನೋಡ್ರಿ" ಅಂತ ಬಂದ. ಮಗ ತಿಂಗಳ ಹಿಂದ ಇಂಟರ್ನೆಟ್ಟಿನ್ಯಾಗ ನಮ್ಮ ಕನ್ನೊಳ್ಳಿ ವಿಳಾಸ ಬರೆದಿದ್ದನಂತ. ಸೀಡಿಗೂ ರೊಕ್ಕ ಇಲ್ಲ, ಟಪಾಲಿಗೂ ಇಲ್ಲ. ನಮ್ಮ ಯಜಮಾನರು, "ಇವತ್ತ ಪುಕ್ಕಟೆ ಕೊಟ್ಟಾಂವ ನಾಳಿ ಮನಿ ಕೇಳ್ತಾನ" ಅಂದರು.

ಕೊಟ್ಟಾಂವ ಯಾರು? ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್. 1999ರಾಗ ತನ್ನ ಕಂಪನಿ ಮಾರಿ ಕೋಟಿಗಟ್ಟಲೆ ಗಳಿಸಿದ, 2002ರಾಗ ಬಾಹ್ಯಾಕಾಶಕ್ಕೂ ಹೋಗಿ ಬಂದ. 2004ರ ಅಕ್ಟೋಬರದಾಗ ಅವನ ಕ್ಯಾನೊನಿಕಲ್ ಕಂಪನಿ 'ಉಬುಂಟು' ಹೊರಗ ತಂತು. ಕಂಪ್ಯೂಟರ್ ನಡಸೂ ಮೂಲ ಸಾಫ್ಟ್‌ವೇರ್ ಅದು. ಅದರ ಬುನಾದಿ ಲಿನಕ್ಸ್. 1991ರಾಗ ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಅನ್ನೂ ಹುಡುಗ ಶುರು ಮಾಡಿದ್ದು, ಆಮ್ಯಾಲ ಜಗತ್ತಿನ ಸಾವಿರಾರು ಮಂದಿ ಕೈ ಹಚ್ಚಿದರು. ಉಬುಂಟು ಅಂದ್ರ ಆಫ್ರಿಕಾದ ಮಾತು, ಮಂದಿ ಇದ್ದರ ನಾನು ಅನ್ನೂ ಅರ್ಥ.

ಟಪಾಲಿಲೇ ಯಾಕ ಕಳಿಸ್ಬೇಕಾಗಿತ್ತು ಅಂದ್ರ, ಒಂದು ಸೀಡಿ ಅಂದ್ರ 700 ಎಂಬಿ. ಆಗಿನ ಫೋನ್ ವೈರಿನ ಇಂಟರ್ನೆಟ್ಟಿನ್ಯಾಗ ಅದನ್ನ ಇಳಿಸಲಿಕ್ಕ 28 ತಾಸು ಬೇಕು. ಕರೆಂಟ್ ಹ್ವಾದರ ಮತ್ತ ಮೊದಲಿಂದ! ಅದಕ್ಕ ಕಂಪನಿ ಕೇಳಿದವರಿಗೆಲ್ಲಾ 'ಶಿಪ್‌ಇಟ್' ಅನ್ನೂ ಯೋಜನೆಯಿಂದ ಲಕ್ಷಾಂತರ ಸೀಡಿ ಕಳಿಸಿತು. ಕಾಪಿ ಮಾಡಿ ಹಂಚಿದರ ಕಳ್ಳತನ ಅಲ್ಲ, ಹಂಚ್ರಿ ಅಂತನ ಅವರ ಮಾತು. ನಾವು ಬಾಜೂ ಮನಿಗೆ ಹೆಪ್ಪ ಕೊಟ್ಟಂಗ. ಕೊಟ್ಟರ ನಮ್ಮ ಮೊಸರೇನು ಕಡಿಮಿ ಆಗೂದಿಲ್ಲ.

ರವಿವಾರ ಮಗ ಬಂದು ಸೀಡಿ ಹಾಕಿದ. ಅದರ ಗುಣ ಏನಂದ್ರ, ಕಂಪ್ಯೂಟರಿನ್ಯಾಗ ಏನೂ ಕೂಡಿಸದನ ಸೀಡಿ ಮ್ಯಾಲಿಂದಾನ ನಡೀತದ. ಒಳಗಿನ ಕೆಟ್ಟ ಸಾಫ್ಟ್‌ವೇರ್ ಎಬ್ಬಿಸೂ ಜರೂರೇ ಇಲ್ಲ. ಡಿಸ್ಕಿನ್ಯಾಗಿನ ಫೈಲು ಮಾತ್ರ ಕಂಡವು. ಒಂದೊಂದ ಪೆನ್‌ಡ್ರೈವಿಗೆ ತಗೊಂಡ. ಕಡೀಕ ಅತ್ತಿ ದನಿ ಬಂತು. ನಾನು ಸೆರಗಿಲೇ ಕಣ್ಣ ಒರಸಿಕೊಂಡೆ. ಯಜಮಾನರು ಸುಮ್ಮನ ಕುರ್ಚಿ ಎಳಕೊಂಡು ಕುಂತು, "ಇನ್ನೊಮ್ಮಿ ಹಚ್ಚಪಾ" ಅಂದರು.

2011ರ ಏಪ್ರಿಲ್‌ದಾಗ ಶಿಪ್‌ಇಟ್ ನಿಂತಿತು. ಇಂಟರ್ನೆಟ್ ಎಲ್ಲಾ ಕಡೆ ಬಂದಿತ್ತು, ಟಪಾಲಿನ ಖರ್ಚು ಹೊರೂದೂ ಸಣ್ಣದಲ್ಲ. ಉಬುಂಟು ಮಾತ್ರ ಇವತ್ತಿಗೂ ಪುಕ್ಕಟೆನ ಸಿಗ್ತದ. ನಮ್ಮ ಈಗಿನ ಲ್ಯಾಪ್‌ಟಾಪಿಗೆ ಸೀಡಿ ಹಾಕೂ ಜಾಗಾನ ಇಲ್ಲ.

ಸೀಡಿ ಮತ್ತ ಪತ್ತಲದ ಬುಡಕ ಇಟ್ಟೀನಿ. ಅತ್ತಿ ಪದ ನನ್ನ ಮೊಬೈಲಿನ್ಯಾಗ ಅದಾವ. ಬೇಕಾದವರು ಕೇಳ್ರಿ, ಕಳಿಸ್ತೀನಿ.