ಎರೆ ನೆಲದ ತಲೆನೋವು

ನಮ್ಮ ಶಲವಡಿ ಅಪ್ಪಟ ಎರೆ ಸೀಮೆ. ಜೋಳ, ಕಡಲೆ, ಕುಸುಬಿ, ಹತ್ತಿ; ಬದುವಿನ ಮೇಲೆ ಅಲ್ಲೊಂದು ಜಾಲಿ, ಇಲ್ಲೊಂದು ಬೇವು. ಅಡವಿ ಅನ್ನುವುದು ಕಣ್ಣಿಗೆ ಬೀಳುವುದಿಲ್ಲ. ಹೀಗಿರುವಾಗ ಹಳ್ಳಿ ಔಷಧವೆಂದರೆ ಅಡವಿಯ ಗಿಡಮೂಲಿಕೆ ಎಂದು ಪೇಟೆಯವರು ಭಾಷಣ ಬಿಗಿದರೆ ನನಗೆ ನಗು ಬರುತ್ತದೆ. ನಮ್ಮೂರ ತಲೆನೋವಿನ ಮದ್ದು ಬಹುಪಾಲು ಬಂದದ್ದು ಅಂಗಡಿಯಿಂದ. ನಾನು ಕಿರಾಣಿ ಅಂಗಡಿಯವರ ಮಗ. ಜಂಬ ಅನ್ನಿಸಿದರೂ ಅನ್ನಿಸಲಿ, ಇದ್ದದ್ದನ್ನು ಹೇಳುತ್ತಿದ್ದೇನೆ.

ಅಂಗಡಿ ಅಪ್ಪನದು, ಔಷಧದ ಸಂದೂಕ ಆಯಿಯದು. ಅದರಲ್ಲಿ ಒಣಶುಂಠಿ, ಬಜೆ ಬೇರು, ಲವಂಗ, ದಾಲ್ಚಿನ್ನಿ, ಕರ್ಪೂರ, ಒಂದು ಗಂಧದ ಕೊರಡು, ಅರಿಷಿಣದ ಕೊಂಬು. ಪಕ್ಕಕ್ಕೆ ಸಾಣೆಕಲ್ಲು. ನೆಗಡಿಯಾಗಿ ತಲೆ ಭಾರವಾದರೆ ಶುಂಠಿ ತೇಯ್ದು ಹಣೆಗೆ ಹಚ್ಚುವುದು, ಬಿಸಿಲು ಬಡಿದಿದ್ದರೆ ಗಂಧ. ಮೂಗು ಕಟ್ಟಿದ್ದರೆ ಅರಿಷಿಣದ ಕೊಂಬನ್ನು ಎಣ್ಣೆ ದೀಪಕ್ಕೆ ಹಿಡಿದು, ಅದರ ಹೊಗೆ ಎಳೆದುಕೊಳ್ಳಲು ಹೇಳುತ್ತಿದ್ದಳು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದ ಮೇಲೆ ತಲೆನೋವು ಯಾರಿಗೆ ನೆನಪಿರುತ್ತದೆ? ಶುಂಠಿಯ ಕೆಲಸವೂ ಹೆಚ್ಚುಕಡಿಮೆ ಅದೇ. ಚರ್ಮಕ್ಕೆ ಉರಿ ಹತ್ತಿಸಿ ಒಳಗಿನ ನೋವು ಮರೆಸುವುದು. ಒಣಗಿದ ಪಟ್ಟು ಹಣೆಯ ಮೇಲೆ ಬಿರಿಯತೊಡಗಿದರೆ ಮತ್ತೊಮ್ಮೆ ತೇಯಬೇಕು.

“ಆಯೀ, ತೆಲಿ ಒಡದು ಹೋಗಾಕ್ಹತ್ತೇತಿ, ಒಂಚೂರು ಸುಂಠಿ ಹಚ್ಚ್ರಿ” ಎಂದು ಯಾರಾದರೂ ಕಟ್ಟೆಗೆ ಬಂದು ಕೂತರೆ ಅವಳು ತಕ್ಷಣ ಕಲ್ಲಿಗೆ ಕೈ ಹಾಕುತ್ತಿರಲಿಲ್ಲ. “ಎಲ್ಲಿ ನೋಯ್ತೇತಿ? ಹೊತ್ತೇರಿದಂಗ ಏರ್ತೇತೇನು? ಮುಂಜಾನಿ ಏನ್ ಉಂಡೀ?” ಮೂರನೆಯ ಪ್ರಶ್ನೆಗೇ ಅರ್ಧ ಜನ ಸಿಕ್ಕಿಬೀಳುತ್ತಿದ್ದರು. ಸೋಮವಾರದ ಒಪ್ಪತ್ತು ಮಾಡಿ, ಖಾಲಿ ಹೊಟ್ಟೆಯಲ್ಲಿ ಹತ್ತಿ ಬಿಡಿಸಿ ಬಂದ ಹೆಂಗಸರಿಗೆ ಶುಂಠಿಗಿಂತ ಮೊದಲು ಒಂದು ತಂಬಿಗೆ ಮಜ್ಜಿಗೆ ಕೊಡುತ್ತಿದ್ದಳು. ಎರಡನೆಯ ಪ್ರಶ್ನೆ ಮಾತ್ರ ಬಹಳ ಹಳೆಯದು. ಸುಶ್ರುತನ ಸಂಹಿತೆ ತಲೆಯ ರೋಗಗಳನ್ನು 11 ಎಂದು ಎಣಿಸುತ್ತದೆ. ಅವುಗಳಲ್ಲಿ ಸೂರ್ಯಾವರ್ತ ಎಂಬುದು ಸೂರ್ಯನ ಜೊತೆ ಏರಿ, ಸೂರ್ಯನ ಜೊತೆ ಇಳಿಯುವ ನೋವು. ಅರೆದಲೆ ಶೂಲೆಗೂ ಅಲ್ಲಿ ಬೇರೆ ಜಾಗ ಇದೆ. ಆಯಿಗೆ ಅಕ್ಷರ ಬರುತ್ತಿರಲಿಲ್ಲ, ಸುಶ್ರುತನ ಹೆಸರೂ ಕೇಳಿದವಳಲ್ಲ. ಆದರೂ ಅದೇ ಪ್ರಶ್ನೆ ಅವಳ ಬಾಯಿಗೆ ಬಂದಿತ್ತು.

ಕನ್ನಡ ನಾಡಿನಲ್ಲಿ ವೈದ್ಯದ ಮಾತು ಸಂಸ್ಕೃತದ ಗ್ರಂಥಗಳಲ್ಲಷ್ಟೇ ಉಳಿದಿರಲಿಲ್ಲ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯ ಸಂಸ್ಕೃತದಲ್ಲಿ ಬರೆದ ‘ಕಲ್ಯಾಣಕಾರಕ’ ಮಾಂಸವಿಲ್ಲದೆ ಔಷಧ ಮಾಡಲು ಹೊರಟ ಜೈನ ಗ್ರಂಥ. ಆ ಪರಂಪರೆಯನ್ನು 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಕನ್ನಡಕ್ಕೆ ತಂದ. ಅದಕ್ಕೂ ಮೊದಲು, 1025ರ ಸುಮಾರಿಗೆ, ಕಲ್ಯಾಣ ಚಾಲುಕ್ಯರ ಆಶ್ರಯದಲ್ಲಿ ಚಾವುಂಡರಾಯ ‘ಲೋಕೋಪಕಾರ’ ಬರೆದ. ಬಾವಿ ತೋಡುವುದು, ಗಿಡ ಬೆಳೆಸುವುದು, ಅಡಿಗೆ, ಸುಗಂಧ, ವೈದ್ಯ ಎಲ್ಲವೂ ಒಂದೇ ಪುಸ್ತಕದಲ್ಲಿ. ನಮ್ಮ ನೆರೆಯ ಅಣ್ಣಿಗೇರಿ ಆ ಚಾಲುಕ್ಯರ ಆಳ್ವಿಕೆಯಲ್ಲಿ ದೊಡ್ಡ ಊರು. ವೈದ್ಯ ಅಡಿಗೆಮನೆಯ ಜೊತೆಗೇ ಕೂತಿರುವ ಆ ಪುಸ್ತಕದ ಏರ್ಪಾಡು ನನಗೆ ಬಹಳ ಸರಿ ಕಾಣುತ್ತದೆ.

ಈಗ ಸಂದೂಕದ ಸಾಮಾನು ಒಂದೊಂದಾಗಿ ನೋಡಿ. ಎರೆ ನೆಲದಲ್ಲಿ ಹುಟ್ಟಿದ್ದು ಅದರಲ್ಲಿ ಏನಿದೆ? ಗಂಧ ಮೈಸೂರು ಸೀಮೆಯದು. ಕರ್ಪೂರ ಹಿಂದೆ ಬರುತ್ತಿದ್ದುದು ಸುಮಾತ್ರಾ, ಬೋರ್ನಿಯೋ, ಚೀನಗಳಿಂದ. ನಮ್ಮ ಐಹೊಳೆಯಿಂದ ಹೆಸರು ಪಡೆದ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ಈ ವ್ಯಾಪಾರ ಮಾಡುತ್ತಿತ್ತು. ಶಿಕಾರಿಪುರದ ಕಡೆಯ 11ನೆಯ ಶತಮಾನದ ಶಾಸನವೊಂದು ಅವರು ಮಾರುತ್ತಿದ್ದ ಸಾಮಾನಿನ ಪಟ್ಟಿ ಕೊಡುತ್ತದೆ: ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ. ಸಗಟಾಗಿಯೂ ಮಾರುತ್ತಿದ್ದರು, ಹೆಗಲ ಮೇಲೆ ಹೊತ್ತು ತಿರುಗಿಯೂ ಮಾರುತ್ತಿದ್ದರು. ಕರ್ಪೂರಕ್ಕೆ ಹೆಸರಾಗಿದ್ದ ಸುಮಾತ್ರದ ಬಾರೂಸ್ ಬಂದರಿನ ಹತ್ತಿರವೇ ಈ ಐನೂರ್ವರದೊಂದು ತಮಿಳು ಶಾಸನ ಸಿಕ್ಕಿದೆ. ಅದರ ವರ್ಷ 1088. ಲವಂಗವಂತೂ 18ನೆಯ ಶತಮಾನದವರೆಗೆ ಮೊಲುಕ್ಕಾ ದ್ವೀಪಗಳನ್ನು ಬಿಟ್ಟು ಬೇರೆಲ್ಲೂ ಬೆಳೆಯುತ್ತಿರಲಿಲ್ಲ. ಅದನ್ನು ಹುಡುಕಿಕೊಂಡು ಹೊರಟ ಮೆಗಲನ್ 1521ರಲ್ಲಿ ಫಿಲಿಪೀನ್ಸಿನಲ್ಲಿ ಜೀವ ಕಳೆದುಕೊಂಡ. ಆ ಲವಂಗವನ್ನು ಶಲವಡಿಯಲ್ಲಿ ಆಯಿ ಕಲ್ಲಿಗೆ ತಿಕ್ಕಿ ಕಣತಲೆಗೆ ಹಚ್ಚುತ್ತಿದ್ದಳು.

ಫಿಲಿಪೀನ್ಸ್ ಅಂದ ಮೇಲೆ ಲಕ್ಕಿ ಗಿಡದ ಮಾತು ಬರಬೇಕು. ನಮ್ಮಲ್ಲಿ ಪುಕ್ಕಟೆ ಸಿಗುತ್ತಿದ್ದ ತಲೆನೋವಿನ ಗಿಡ ಅದೊಂದೇ. ಹಳ್ಳದ ದಂಡೆಯಲ್ಲಿ ಬೆಳೆಯುತ್ತದೆ, ಆಡು ಸಹ ಅದಕ್ಕೆ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಎಲೆಯನ್ನು ಪಾತೇಲಿಯಲ್ಲಿ ಕುದಿಸಿ, ತಲೆ ಮೇಲೆ ಕೌದಿ ಹೊದ್ದು ಉಗಿ ತಗೊಳ್ಳುವುದು. ಒಣಗಿದ ಎಲೆಯನ್ನು ತಲೆದಿಂಬಿಗೆ ತುಂಬುವುದು. ಇದೇ ಗಿಡವನ್ನು ಫಿಲಿಪೀನ್ಸಿನ ಹಳ್ಳಿಗರು ಲಗುಂಡಿ ಎನ್ನುತ್ತಾರೆ, ತಲೆ ನೋವಿದ್ದಾಗ ಎಲೆ ಜಜ್ಜಿ ಹಣೆಗೆ ಕಟ್ಟುತ್ತಾರೆ. ಅಲ್ಲಿಯ ಆರೋಗ್ಯ ಇಲಾಖೆ 1990ರ ದಶಕದಲ್ಲಿ ಬಳಕೆಗೆ ಒಪ್ಪಿದ ಹತ್ತು ಗಿಡಗಳಲ್ಲಿ ಇದೂ ಒಂದು. ಆದರೆ ಸರ್ಕಾರ ಒಪ್ಪಿದ್ದು ಕೆಮ್ಮು–ದಮ್ಮಿಗೆ, ತಲೆನೋವಿಗಲ್ಲ. ಆಯಿ ಕೇಳಿದ್ದರೆ ಅರ್ಧ ಒಪ್ಪುತ್ತಿದ್ದಳು.

ನಶ್ಯವನ್ನೂ ಹೇಳಿಬಿಡುತ್ತೇನೆ. ಗಂಡಸರು ಚಿಟಿಕೆ ನಶ್ಯ ಏರಿಸಿ, ನಾಲ್ಕು ಸಲ ಸೀನಿ, ತಲೆ ಹಗುರಾಯಿತು ಎನ್ನುತ್ತಿದ್ದರು. ಪೋರ್ಚುಗೀಸರು ಅಮೆರಿಕದಿಂದ ತಂದ ತಂಬಾಕು ನಮ್ಮ ಕಡೆ ಬೇಗ ಊರಿತ್ತು. 17ನೆಯ ಶತಮಾನದ ಆರಂಭದಲ್ಲಿ ಅಕ್ಬರನ ದೂತ ಅಸದ್ ಬೇಗ್ ಅದನ್ನು ಮೊದಲು ಕಂಡದ್ದು ವಿಜಾಪುರದಲ್ಲಿ. ಅಲ್ಲಿಂದಲೇ ಅದನ್ನು ಅಕ್ಬರನಿಗೆ ಒಯ್ದ. ಇನ್ನು ಅರೆದಲೆ ಶೂಲೆಗೆ ಕಣತಲೆಯ ಮೇಲೆ ಬರೆ ಹಾಕಿಸಿಕೊಂಡವರೂ ಇದ್ದರು. ಆ ಗುರುತು ಹೊತ್ತ ಮುದುಕರನ್ನು ನೋಡಿದ್ದೇನೆ. ಹಳೆಯದೆಲ್ಲ ಒಳ್ಳೆಯದು ಎನ್ನುವವರಿಗೆ ಆ ಮುಖಗಳನ್ನು ತೋರಿಸಬೇಕಿತ್ತು.

ಅಪ್ಪನ ಕಾಲಕ್ಕೆ ಹಳದಿ ಬಾಮ್ ಬಂತು. ಆಂಧ್ರದ ಕಾಶೀನಾಥುನಿ ನಾಗೇಶ್ವರರಾವ್ 1893ರಲ್ಲಿ ಮುಂಬಯಿಯಲ್ಲಿ ಅಮೃತಾಂಜನ ಶುರು ಮಾಡಿದರು, ಸಂಗೀತ ಕಚೇರಿಗಳಲ್ಲಿ ಪುಕ್ಕಟೆ ಹಂಚಿ ರೂಢಿ ಮಾಡಿಸಿದರು. ಅಪ್ಪನೂ ಗಲ್ಲೆಯ ಮೇಲೆ ಒಂದು ಡಬ್ಬಿ ತೆರೆದೇ ಇಡುತ್ತಿದ್ದ, ಬಂದವರು ಬೆರಳು ಹಚ್ಚಿ ನೋಡಲಿ ಎಂದು. ಅದರಲ್ಲೂ ಕರ್ಪೂರ ಇದೆಯಲ್ಲ, ಹೀಗಾಗಿ ಆಯಿಗೆ ಅದು ಪರಕೀಯ ಅನ್ನಿಸಲಿಲ್ಲ. ಸಾಣೆಕಲ್ಲಿಗೆ ರಜೆ ಸಿಕ್ಕಿತು, ಅಷ್ಟೆ. ಚಹಾ ಬಂದದ್ದು ಮಾತ್ರ ತಮಾಷೆಯ ಕಥೆ. ತಲೆನೋವಿಗೆ ಔಷಧ ಎಂದು ಕುಡಿಯತೊಡಗಿದವರು, ಕೊನೆಗೆ ಕುಡಿಯದಿದ್ದರೆ ತಲೆನೋವು ಎನ್ನತೊಡಗಿದರು. ನಾವು ಬಿಡಿಬಿಡಿಯಾಗಿ ಮಾರುವ ಸಾರಿಡಾನ್ ಗುಳಿಗೆಯಲ್ಲೂ ಚಹಾದ ಕೆಫೀನೇ ಇದೆ.

ಆಯಿಯ ಮೂರು ಪ್ರಶ್ನೆಗೂ ಸಿಗದ ತಲೆನೋವು ಬಂದದ್ದು ಹೈಬ್ರಿಡ್ ಹತ್ತಿಯ ಜೊತೆ. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ತಯಾರಿಸಿದ ವರಲಕ್ಷ್ಮಿ ತಳಿ 1972ರಲ್ಲಿ ಹೊಲಕ್ಕೆ ಇಳಿಯಿತು. ಮಲಪ್ರಭೆಯ ಕಾಲುವೆಯೂ ಬಂತು. ಅದರ ಕರದಿಂದ 1980ರಲ್ಲಿ ನವಲಗುಂದದಲ್ಲಿ ಎದ್ದ ಬಂಡಾಯದ ಕಥೆ ಬೇರೆ. ಹತ್ತಿ ಚೆನ್ನಾಗಿ ಬಂತು, ಹುಳವೂ ಚೆನ್ನಾಗಿ ಬಂತು, ಜನ ಎಣ್ಣೆ ಹೊಡೆಯಲು ಕಲಿತರು. ಮೂಗಿಗೆ ಟಾವೆಲ್ ಸಹ ಕಟ್ಟದೆ, ಗಾಳಿಗೆ ಎದುರಾಗಿ, ಬರಿಗಾಲಲ್ಲಿ.

ಒಂದು ಸಂಜೆ ಓಣಿಯವನೊಬ್ಬ ಬಾಮ್ ಕೇಳಲು ಬಂದ. ಬೆವರು ಸುರಿಯುತ್ತಿತ್ತು, ಬಾಯಿಂದ ಜೊಲ್ಲು, ಕಣ್ಣು ಮಂಜು ಎಂದ. ಆಯಿ ಅವನ ಅಂಗಿ ಮೂಸಿ ನೋಡಿದಳು. “ಇವಂಗ ಸುಂಠಿನೂ ಬ್ಯಾಡ, ಬಾಮೂ ಬ್ಯಾಡ. ಜೀಪ್ ನೋಡ್ರಿ” ಎಂದಳು. ಅಂಗಿ ಬಿಚ್ಚಿಸಿ, ನೀರು ಸುರಿದು, ಹುಬ್ಬಳ್ಳಿಯ ಕೆಎಂಸಿಗೆ ಒಯ್ದರು. ಬದುಕಿದ.

ಅಂದಿನಿಂದ ಹತ್ತಿಯ ಹಂಗಾಮಿನಲ್ಲಿ ಯಾರೇ ಬಾಮ್ ಕೇಳಿದರೂ ಅಪ್ಪ, “ಇವತ್ತ ಎಣ್ಣಿ ಹೊಡದೀಯೇನೋ?” ಎಂದು ಮೊದಲು ಕೇಳುತ್ತಿದ್ದ. ಹೂಂ ಅಂದವನಿಗೆ ಡಬ್ಬಿ ಕೊಡುತ್ತಿರಲಿಲ್ಲ. ಒಂದು ಸಾಬೂನು ಕೈಗಿಟ್ಟು, ಮೊದಲು ಮೈ ತೊಳೆದು ಬಾ, ಕಡಿಮೆಯಾಗದಿದ್ದರೆ ಹುಬ್ಬಳ್ಳಿಗೆ ಹೋಗು ಎಂದು ಕಳಿಸುತ್ತಿದ್ದ. ಸಾಬೂನಿನ ರೊಕ್ಕ ಮಾತ್ರ ಉದ್ರಿ ವಹಿಯಲ್ಲಿ ಬರೆದಿಡುವುದನ್ನು ಮರೆಯುತ್ತಿರಲಿಲ್ಲ.